ಸೀತೆಯನ್ನು ಕಳಿಸದ ಪಶ್ಚಾತ್ತಾಪ

ಕನ್ನಡದ ವಿಮರ್ಶಕರಿಗೆ ನಾಗಚಂದ್ರನ ರಾವಣನ ಮೇಲೆ ಮೊದಲಿಂದಲೂ ಒಂದು ಮಮತೆ. ಕ್ರಿ.ಶ. 1100ರ ಆಸುಪಾಸಿನ ಈ ಜೈನಕವಿಯ ‘ರಾಮಚಂದ್ರಚರಿತಪುರಾಣ’ದಲ್ಲಿ, ಅಂದರೆ ನಾವು ಪಂಪರಾಮಾಯಣ ಎನ್ನುವ ಕಾವ್ಯದಲ್ಲಿ, ರಾವಣ ಹತ್ತು ತಲೆಯ ರಾಕ್ಷಸನಲ್ಲ, ಜಿನಭಕ್ತ, ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ಯುದ್ಧದ ನಡುವೆ ಶಾಂತಿನಾಥನ ಬಸದಿಯಲ್ಲಿ ಕೂತು ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಳ್ಳುತ್ತಾನೆ. ಇನ್ನು ತನ್ನನ್ನು ತಡೆಯುವವರಿಲ್ಲ ಎಂಬ ಬಿಂಕದಲ್ಲಿ ಸೀತೆಯ ಮುಂದೆ ಬಂದು ನಿಲ್ಲುತ್ತಾನೆ. ರಾಮನ ಪ್ರಾಣವನ್ನು ಉಳಿಸೆಂದು ಬೇಡಿ ಅವಳು ಮೂರ್ಛೆ ಹೋಗುತ್ತಾಳೆ. ಅಷ್ಟಕ್ಕೇ ಅವನ ಮೋಹ ಕಳಚಿಬೀಳುತ್ತದೆ. ಒಲಿದ ಗಂಡಹೆಂಡಿರನ್ನು ಅಗಲಿಸಿದೆನಲ್ಲ, ತಮ್ಮ ವಿಭೀಷಣ ಹೇಳಿದ್ದನ್ನು ಕೇಳದೆ ಹೋದೆನಲ್ಲ ಎಂದು ಮರುಗುತ್ತಾನೆ.

ಬೆಳ್ಳೂರಿನ ಬಿ.ಎಂ.ಶ್ರೀ. ಈ ರಾವಣನಲ್ಲಿ ದುರಂತನಾಯಕನನ್ನು ಕಂಡರು. ‘ಗದಾಯುದ್ಧ ನಾಟಕಂ’, ‘ಅಶ್ವತ್ಥಾಮನ್’ ಬರೆದವರ ಕಣ್ಣಿಗೆ, ಗ್ರೀಕ್ ನಾಟಕದ ಬೆಳಕಿನಲ್ಲಿ, ಅವನು ಹಾಗೆ ಕಂಡದ್ದು ಸಹಜ. ಅಲ್ಲಿಂದ ಮುಂದೆ ನಮ್ಮ ಪಾಠಗಳಲ್ಲೆಲ್ಲ ಅದೇ ರಾವಣ. (ಈ ಪಶ್ಚಾತ್ತಾಪದ ಬೀಜ ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲೇ ಇದೆ, ನೀರೆರೆದು ಬೆಳೆಸಿದವನು ನಾಗಚಂದ್ರ.) ನನಗೆ ತೊಡಕಾಗುವುದು ಮರುಗಿದ ಮೇಲೆ ರಾವಣ ಮಾಡುವ ತೀರ್ಮಾನ. ಈಗಲೇ ಸೀತೆಯನ್ನು ಕಳಿಸಿಬಿಟ್ಟರೆ ನನ್ನ ಪೌರುಷಕ್ಕೆ ಕುಂದು. ರಾಮಲಕ್ಷ್ಮಣರನ್ನು ಕಾಳಗದಲ್ಲಿ ಗೆದ್ದು ಸೆರೆಹಿಡಿದು ತಂದು, ಆಮೇಲೆ ಅವಳನ್ನು ಒಪ್ಪಿಸುತ್ತೇನೆ ಎನ್ನುತ್ತಾನೆ. ಓದುಗ ಇಲ್ಲಿ ಕಣ್ಣೊರೆಸಿಕೊಳ್ಳುತ್ತಾನೆ. ಸೀತೆ ಮಾತ್ರ ಲಂಕೆಯಲ್ಲೇ ಉಳಿಯುತ್ತಾಳೆ.

ಯಹೂದಿ ಧರ್ಮದಲ್ಲಿ ಪಶ್ಚಾತ್ತಾಪಕ್ಕಿರುವ ಹೆಸರೇ ‘ತೆಶುವಾ’, ಹಿಂದಿರುಗುವುದು. ಮರುಕ ಅದರ ಬಾಗಿಲು ಮಾತ್ರ. ಒಳಗೆ ಮಾಡಬೇಕಾದ ಕೆಲಸ ಬೇರೆ ಇದೆ. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನದ ಉಪವಾಸ ಮನುಷ್ಯನಿಗೂ ದೇವರಿಗೂ ನಡುವಿನ ತಪ್ಪನ್ನು ತೊಳೆಯುತ್ತದೆ, ಆದರೆ ಮನುಷ್ಯನಿಗೂ ಮನುಷ್ಯನಿಗೂ ನಡುವಿನ ತಪ್ಪು ನೊಂದವನನ್ನು ಸಮಾಧಾನಪಡಿಸುವ ತನಕ ತೊಳೆಯದು ಎಂದು ಅವರ ಹಳೆಯ ಧರ್ಮಸಂಹಿತೆ ಮಿಶ್ನಾ ಕಟ್ಟು ಹಾಕುತ್ತದೆ. ಅದೇ ದಿನ ಇಳಿಹೊತ್ತಿನಲ್ಲಿ ಯೋನಾ ಪ್ರವಾದಿಯ ಕಥೆ ಓದುತ್ತಾರೆ. ಅದರಲ್ಲಿ ಬರುವ ನಿನೆವೆ ಊರಿನ ಜನ ಗೋಣಿತಟ್ಟು ಉಟ್ಟು ಉಪವಾಸ ಕೂತರು ನಿಜ, ಆದರೆ ದೇವರು ನೋಡಿದ್ದು ಗೋಣಿತಟ್ಟನ್ನಲ್ಲ, ಅವರು ನಡತೆ ತಿದ್ದಿಕೊಂಡದ್ದನ್ನು ಎಂದು ಹಿರಿಯರು ಅರ್ಥ ಹೇಳಿದ್ದಾರೆ. ಅವರಲ್ಲಿ ಕದ್ದ ತೊಲೆಯನ್ನು ಅರಮನೆಗೆ ಹಾಕಿ ಕಟ್ಟಿದ್ದವನು ಅರಮನೆಯನ್ನೇ ಕೆಡವಿ ತೊಲೆ ಮರಳಿಸಿದನಂತೆ. ನಾಗಚಂದ್ರನಿಗಿಂತ ತುಸು ಈಚಿನವನಾದ, ಕೈರೋದಲ್ಲಿ ವೈದ್ಯವೃತ್ತಿ ಮಾಡಿಕೊಂಡಿದ್ದ ಮೈಮೊನಿಡೀಸ್ (1138–1204) ಇದನ್ನೆಲ್ಲ ಹತ್ತು ಅಧ್ಯಾಯಗಳ ಶಾಸ್ತ್ರವಾಗಿಸಿದ. ಬಾಯಲ್ಲಿ ತಪ್ಪೊಪ್ಪಿಕೊಂಡು ಮನಸ್ಸಿನಲ್ಲಿ ಬಿಡದವನು, ಮೈಲಿಗೆಯ ಹುಳವನ್ನು ಕೈಯಲ್ಲಿ ಹಿಡಿದುಕೊಂಡೇ ಮಡಿಗೆಂದು ಮುಳುಗುವವನು ಎನ್ನುತ್ತಾನೆ.

ಜೈನಕಾವ್ಯವನ್ನು ಯಹೂದಿ ಶಾಸ್ತ್ರದಿಂದ ಅಳೆಯುವುದು ನ್ಯಾಯವೇ? ಗ್ರೀಕ್ ನಾಟಕದಿಂದ ಅಳೆದದ್ದು ನ್ಯಾಯವಾದರೆ ಇದೂ ನ್ಯಾಯ. ಆ ಅಳತೆ ರಾವಣನಿಗೆ ಪೂರ್ತಿ ವಿರುದ್ಧವಾಗಿಯೂ ಇಲ್ಲ. ಅದೇ ಸಂದರ್ಭ, ಅದೇ ಶಕ್ತಿ ಮತ್ತೆ ಒದಗಿದಾಗಲೂ, ಅಂಜಿಕೆಯಿಂದಲ್ಲ, ಅಶಕ್ತಿಯಿಂದಲ್ಲ, ತಾನಾಗಿ ಹಿಂದೆ ಸರಿದವನದೇ ಪೂರ್ಣ ತೆಶುವಾ ಎಂಬುದು ಮೈಮೊನಿಡೀಸನ ಒರೆಗಲ್ಲು. ರಾವಣನನ್ನು ನೋಡಿ: ಸೀತೆ ಅವನ ಕೈಯಳತೆಯಲ್ಲೇ ಇದ್ದಾಳೆ, ಬಹುರೂಪಿಣಿ ಆಗಷ್ಟೇ ವಶವಾಗಿದ್ದಾಳೆ, ಬಲ ಎಂದಿಗಿಂತ ಹೆಚ್ಚಿದೆ, ಆ ಗಳಿಗೆಯಲ್ಲೇ ಆಸೆ ಬಿಡುತ್ತಾನೆ. ಕಾಮದ ಮಟ್ಟಿಗೆ ಅವನು ಗೆದ್ದ. ಉಳಿದದ್ದು ಹಮ್ಮು. ಅದು ತಪ್ಪೆಂದೇ ಅವನಿಗೆ ತೋರಲಿಲ್ಲ. ನಮ್ಮ ವಿಮರ್ಶೆಗೂ ಅದು ಧೀರೋದಾತ್ತ ಗುಣವಾಗಿಯೇ ತೋರಿತು.

ಈ ಹಮ್ಮು ಕಾವ್ಯದಲ್ಲಷ್ಟೇ ಇಲ್ಲ. ಮದ್ದೂರಿನ ಹತ್ತಿರ ಶಿಂಷಾ ದಡದಲ್ಲಿ ವೈದ್ಯನಾಥಪುರವಿದೆ. ಅಲ್ಲಿನ ದೇವರು ವೈದ್ಯನಾಥೇಶ್ವರ. ಈ ಸೀಮೆಯಲ್ಲೆಲ್ಲ ತಪ್ಪು ಕಾಣಿಕೆಯ ಪದ್ಧತಿ ಉಂಟು. ಹರಕೆ ಮರೆತರೆ, ಪೂಜೆಗೆ ಲೋಪ ಬಂದರೆ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟು, ಗುಡಿಗೆ ಬಂದು ಕೆನ್ನೆ ಬಡಿದುಕೊಂಡು, “ತಪ್ಪಾಯ್ತು ಕಣಪ್ಪ ಸ್ವಾಮಿ, ಕಾಪಾಡು” ಎಂದು ಹುಂಡಿಗೆ ಹಾಕುವುದು. ದೇವರ ಬಾಕಿಗೆ ಇದು ಸರಿಯಾದ ಪದ್ಧತಿ. ಡಂಬವಿಲ್ಲ, ಬಡವನಿಗೂ ಎಟುಕುತ್ತದೆ, ತಪ್ಪನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳುವ ಧೈರ್ಯವನ್ನೂ ಕಲಿಸುತ್ತದೆ. ಆದರೆ ಪಕ್ಕದ ಗದ್ದೆಯ ಬದು ಒತ್ತಿದವನು, ನಾಲೆ ನೀರಿನ ಸರದಿಯಲ್ಲಿ ರಾತ್ರಿ ತೂಬು ತಿರುಗಿಸಿಕೊಂಡವನು, ಮನೆಯಲ್ಲಿ ಕಾಯಿಲೆ ಕಸಾಲೆ ಕಂಡಾಗ ಇದೇ ಕಾಣಿಕೆ ಹಾಕಿ ಹಗುರಾಗುತ್ತಾನಲ್ಲ, ಅಲ್ಲಿ ನನ್ನ ತಕರಾರು. ಕಾಣಿಕೆ ಹುಂಡಿಗೆ ಬಿತ್ತು, ಬದು ಒತ್ತಿದಲ್ಲೇ ಇದೆ. ಬಿಟ್ಟುಕೊಡಬಾರದೇ ಎಂದರೆ ಬರುವ ಉತ್ತರ ಇದು: “ಈಗ ಬುಟ್ಟುಕೊಟ್ರೆ ಹೆದರ್ಕಂಡ ಅಂತಾರೆ.” ಲಂಕೆಯಲ್ಲಿ ರಾವಣ ಹಳಗನ್ನಡದಲ್ಲಿ ಹೇಳಿದ್ದೂ ಇದನ್ನೇ.

ಈ ಅಂಜಿಕೆಯನ್ನು ಯಹೂದಿ ಪಂಡಿತರು ಕಡೆಗಣಿಸಲಿಲ್ಲ ಎಂಬುದೇ ಆ ಪರಂಪರೆಯಲ್ಲಿ ನಾನು ಹೆಚ್ಚು ಮೆಚ್ಚುವ ಸಂಗತಿ. ತಿದ್ದಿಕೊಳ್ಳಲು ಹೊರಟ ಕಳ್ಳನೊಬ್ಬನಿಗೆ ಹೆಂಡತಿ, “ಎಲ್ಲವನ್ನೂ ಹಿಂದಿರುಗಿಸಹೊರಟರೆ ನಿನ್ನ ನಡುಪಟ್ಟಿಯೂ ನಿನ್ನದಲ್ಲ” ಎಂದು ಹಂಗಿಸಿ ನಿಲ್ಲಿಸಿದ ಕಥೆ ಅವರ ಶಾಸ್ತ್ರಗ್ರಂಥವಾದ ತಾಲ್ಮುದ್‌ನಲ್ಲಿದೆ. ಅದಾದ ಮೇಲೆ, ಮನಸ್ಸು ತಿರುಗಿ ಬಂದವನು ಕದ್ದದ್ದನ್ನು ಕೊಡಬಂದರೆ ತೆಗೆದುಕೊಳ್ಳಬೇಡಿ ಎಂದೇ ಹಿರಿಯರು ವಿಧಿಸಿದರಂತೆ. ತೊಲೆಯ ವಿಷಯದಲ್ಲೂ ಶಮ್ಮೈ ಪಂಥದವರು ಅರಮನೆ ಕೆಡವಲೇಬೇಕು ಎಂದರು; ಹಿಲ್ಲೆಲ್ ಪಂಥದವರು ಬೆಲೆ ಕಟ್ಟಿಕೊಟ್ಟರೆ ಸಾಕು, ಇಲ್ಲದಿದ್ದರೆ ಯಾರೂ ಹಿಂದಿರುಗಲಾರರು ಎಂದರು. ಗೆದ್ದದ್ದು ಹಿಲ್ಲೆಲ್ ವಾದ. ಮೂರು ಸಲ ಕ್ಷಮೆ ಕೇಳಿದರೂ ಒಲ್ಲೆನೆಂದು ಬಿಗಿಹಿಡಿದವನೇ ಆಮೇಲೆ ತಪ್ಪಿತಸ್ಥ. ಬದು ಬಿಟ್ಟುಕೊಟ್ಟವನನ್ನು ಅರಳಿಕಟ್ಟೆಯಲ್ಲಿ ಕೂತು ಆಡಿಕೊಳ್ಳುವವರಿಗೂ ಆ ಶಾಸ್ತ್ರದಲ್ಲಿ ಪಾಲಿದೆ: ತಿದ್ದಿಕೊಂಡವನಿಗೆ ಹಳೆಯ ತಪ್ಪನ್ನು ಎತ್ತಿ ಆಡಬಾರದೆಂಬ ಕಟ್ಟಳೆಯೂ ಉಂಟು.

ಇಷ್ಟೆಲ್ಲ ಸಡಿಲಿಸಿದರೂ ರಾವಣನ ಲೆಕ್ಕ ಹೊಂದುವುದಿಲ್ಲ. ತೊಲೆಗೆ ಬೆಲೆ ಕಟ್ಟಬಹುದು, ಸೀತೆಗೆ ಕಟ್ಟಲಾಗದು. ಅವನ ಮನಸ್ಸು ತಿರುಗಿದ ಮೇಲೂ ಕಾಳಗ ನಡೆದು, ಲಕ್ಷ್ಮಣನ ಕೈಯಲ್ಲಿ ಅವನು ಸಾಯುತ್ತಾನೆ; ಅವನ ಜೊತೆ, ಅವನ ಪಶ್ಚಾತ್ತಾಪದ ಸುದ್ದಿಯೂ ತಿಳಿಯದ ಎರಡೂ ಕಡೆಯ ಪಡೆಯವರು ಸಾಯುತ್ತಾರೆ. ನೊಂದವನು ಸತ್ತುಹೋಗಿದ್ದರೆ ಹತ್ತು ಜನರನ್ನು ಕರೆದುಕೊಂಡು ಅವನ ಗೋರಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕೆಂದು ಮೈಮೊನಿಡೀಸ್ ಬರೆದಿದ್ದಾನೆ. ಮೋಹ ಕಳಚಿದ ಮೇಲಿನ ಕಾಳಗದಲ್ಲಿ ಬಿದ್ದವರ ಪರವಾಗಿ ಈ ಪ್ರಶ್ನೆಯನ್ನು ನಾಗಚಂದ್ರ ಎತ್ತಲಿಲ್ಲ. ಅವನ ರಾವಣನಿಗೆ ಮರುಗಿದ ನಾವೂ ಎತ್ತಲಿಲ್ಲ.