ಬ್ಯಾಗಿನಲ್ಲೇ ಉಳಿದ ಕಾಗದ

ನಮ್ಮ ಮನೆಯ ಪುಸ್ತಕದ ಕಪಾಟಿನ ಮೇಲೆ ಒಂದು ಫೋಟೋ ಇದೆ. ಅದರಲ್ಲಿ ನನ್ನ ಮಗ ಒಬ್ಬ ಹೆಸರಾಂತ ನಟನ ಪಕ್ಕ ನಿಂತಿದ್ದಾನೆ. ನಟ ಕ್ಯಾಮೆರಾ ನೋಡಿ ನಗುತ್ತಿದ್ದಾನೆ. ಆಗ 14 ವರ್ಷದವನಾಗಿದ್ದ ಮಗ ಮಾತ್ರ ಚೌಕಟ್ಟಿನಾಚೆ ಎಡಕ್ಕೆ ಎಲ್ಲೋ ನೋಡುತ್ತಿದ್ದಾನೆ. ಮನೆಗೆ ಬಂದವರು, ‘ಅಷ್ಟು ದುಡ್ಡು ಕೊಟ್ಟು ಇವನ್ಯಾಕೆ ಆ ಕಡೆ ನೋಡಿದ?’ ಎಂದು ನಗುತ್ತಾರೆ. ಅವನು ನೋಡುತ್ತಿದ್ದದ್ದು ಬ್ಯಾಗ್ ಇಡುವ ಮೇಜನ್ನು. ಫೋಟೋ ತೆಗೆಯುವ ಪರದೆಯ ಒಳಗೆ ಹೋಗುವ ಮುಂಚೆ ಕೈಯಲ್ಲಿದ್ದದ್ದನ್ನೆಲ್ಲ ಆ ಮೇಜಿನ ಮೇಲೆ ಬಿಟ್ಟು ಹೋಗಬೇಕಿತ್ತು. ಅವನ ಬ್ಯಾಗಿನಲ್ಲಿ ಆ ನಟನಿಗೆಂದು ಬರೆದ ಎರಡು ಪುಟದ ಕಾಗದ ಇತ್ತು.

ನಾವಿರುವ ಅಮೆರಿಕದ ಊರಿನಲ್ಲಿ ವರ್ಷಕ್ಕೊಮ್ಮೆ ಇಂಥ ಅಭಿಮಾನಿಗಳ ಸಮ್ಮೇಳನ ನಡೆಯುತ್ತದೆ. ಇಬ್ಬರ ಪ್ರವೇಶದ ಟಿಕೆಟ್ಟು, ಪಾರ್ಕಿಂಗು ಬೇರೆ. ಅದರ ಮೇಲೆ ಒಂದು ಫೋಟೋಗೆ 120 ಡಾಲರ್, ಸಹಿ ಬೇಕೆಂದರೆ ಮತ್ತೆ 100. ಎರಡು ಗಂಟೆಯ ಹತ್ತಿರ ಸಾಲಿನಲ್ಲಿ ನಿಂತೆವು. ಪರದೆಯ ಒಳಗೆ ಸಿಕ್ಕಿದ್ದು 8 ಸೆಕೆಂಡ್. ಮಗ ‘ಹಾಯ್’ ಎನ್ನುವಷ್ಟರಲ್ಲಿ ಫ್ಲ್ಯಾಶ್ ಹೊಡೆದಿತ್ತು, ‘ನೆಕ್ಸ್ಟ್’ ಎಂಬ ಕೂಗು ಬಂದಿತ್ತು. ಹೊರಗೆ ಬಂದ ಮೇಲೆ, ‘ಸಹಿಯ ಸಾಲಿಗೆ ಹೋಗೋಣವಾ? ಅಲ್ಲಿ ಕಾಗದ ಕೊಡಬಹುದು’ ಎಂದ. ಬೇಡ ಎಂದೆ. ಅದು ಶುದ್ಧ ಸುಲಿಗೆ ಎಂದೂ ಸೇರಿಸಿದೆ.

ಆ ‘ಸುಲಿಗೆ’ ಎಂಬ ಮಾತನ್ನು ಮತ್ತೆ ನೆನೆಯುವಂತೆ ಮಾಡಿದ್ದು ಕ್ಯಾರಿ ಫಿಶರ್ ಬರೆದ ‘ದಿ ಪ್ರಿನ್ಸೆಸ್ ಡಯರಿಸ್ಟ್’. ಇದು ಪ್ರಕಟವಾದದ್ದು 2016ರ ನವೆಂಬರಿನಲ್ಲಿ. ಮರುತಿಂಗಳೇ ಆಕೆ ತೀರಿಕೊಂಡಳು. 1976ರಲ್ಲಿ, 19ರ ವಯಸ್ಸಿನಲ್ಲಿ, ಮೊದಲ ‘ಸ್ಟಾರ್ ವಾರ್ಸ್’ ಚಿತ್ರದ ರಾಜಕುಮಾರಿ ಲೇಯಾ ಆಗಿ ನಟಿಸುತ್ತಿದ್ದಾಗ ಬರೆದಿಟ್ಟಿದ್ದ ದಿನಚರಿ ಈ ಪುಸ್ತಕದ ಆಧಾರ. ಸಹನಟ ಹ್ಯಾರಿಸನ್ ಫೋರ್ಡ್ ಜೊತೆಗಿನ ಪ್ರೇಮದ ವಿಷಯ ಹೊರಗೆ ಬಂದದ್ದರಿಂದ ಪುಸ್ತಕ ದೊಡ್ಡ ಸುದ್ದಿಯಾಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರೇಮವಲ್ಲ, ದುಡ್ಡು ತೆಗೆದುಕೊಂಡು ಸಹಿ ಹಾಕುವುದರ ಬಗ್ಗೆ ಆಕೆ ಬರೆದಿರುವ ಪುಟಗಳು. ಮೇಜಿನ ಈಚೆ ನಿಂತವರ ದೂರು ನಮಗೆಲ್ಲ ಗೊತ್ತು. ಮೇಜಿನ ಆಚೆ ಕೂತವರು ಇಷ್ಟು ಬಿಚ್ಚಿ ಬರೆದದ್ದನ್ನು ನಾನು ಬೇರೆಲ್ಲೂ ಓದಿರಲಿಲ್ಲ.

ಫಿಶರ್ ತಾನು ಮಾಡುವ ಕೆಲಸವನ್ನು ಲ್ಯಾಪ್ ಡ್ಯಾನ್ಸ್‌ಗೆ ಹೋಲಿಸುತ್ತಾಳೆ. ಕ್ಲಬ್ಬಿನಲ್ಲಿ ಗಿರಾಕಿಯ ಮಡಿಲ ಹತ್ತಿರ ಕುಣಿದು ಕಾಸು ಪಡೆಯುವ ಕುಣಿತ ಅದು. ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ನೋಟು ಕುಣಿಯುವವಳ ಮೈಗೆ ತಾಗುವುದಿಲ್ಲ, ಪಕ್ಕದಲ್ಲಿ ಕೂತ ಸಹಾಯಕರ ಕೈಗೆ ಹೋಗುತ್ತದೆ. ಡೆಬಿ ರೆನಾಲ್ಡ್ಸ್ ಮತ್ತು ಎಡ್ಡಿ ಫಿಶರ್‌ರಂಥ ತಾರೆಗಳ ಮಗಳಾಗಿ ಹುಟ್ಟಿದವಳಿಗೆ ಅಭಿಮಾನಿಗಳ ಗುಂಪು ಹೊಸದಲ್ಲ. ದುಡ್ಡಿಗೆ ಸಹಿ ಮಾರುವುದು ತಾರೆಯ ಘನತೆಗೆ ಕುಂದು ಎಂಬ ಭಾವನೆಯೂ ಆಕೆಯ ಒಳಗೇ ಇದೆ. ಆದರೂ ದುಡ್ಡಿಗಾಗಿಯೇ ಬಂದು ಕೂತಿದ್ದೇನೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಅಭಿಮಾನಿಗಳನ್ನು ದೇವರುಗಳೇ ಎಂದು ಕರೆದ ರಾಜ್‌ಕುಮಾರ್ ಅವರ ನಾಡಿನಿಂದ ಬಂದ ನನಗೆ ಈ ಹೋಲಿಕೆ ಮೊದಲ ಓದಿಗೆ ಕಪಾಳಕ್ಕೆ ಹೊಡೆದಂತಾಯಿತು. ದೇವರು ಎಲ್ಲಿ, ಗಿರಾಕಿ ಎಲ್ಲಿ!

ಎರಡನೆಯ ಓದಿಗೆ ಬೇರೆಯದೇ ಕಂಡಿತು. ಈ ಪುಟಗಳಲ್ಲಿ ಫಿಶರ್ ತನ್ನ ಮಾತು ನಿಲ್ಲಿಸಿ ಅಭಿಮಾನಿಗಳ ಮಾತನ್ನೇ ಬರೆಯುತ್ತಾ ಹೋಗುತ್ತಾಳೆ. ಸಿನಿಮಾ ನೋಡಿದಾಗ ತಮಗೆ ಎಷ್ಟು ವಯಸ್ಸು, ಯಾರ ಜೊತೆ ಹೋಗಿದ್ದರು, ಮಗಳಿಗೆ ಯಾಕೆ ಲೇಯಾ ಎಂದು ಹೆಸರಿಟ್ಟರು – ಹೀಗೆ ಒಬ್ಬರ ಹಿಂದೆ ಒಬ್ಬರು. ಆಕೆ ನಗಿಸಲು ಬರೆದಿದ್ದಾಳೆ, ನಗುವೂ ಬರುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಗಮನಕ್ಕೆ ಬರುವುದು, ಇವರಲ್ಲಿ ಯಾರೂ ಏನನ್ನೂ ಕೇಳುತ್ತಿಲ್ಲ, ಎಲ್ಲರೂ ಏನನ್ನೋ ಹೇಳಿಕೊಳ್ಳುತ್ತಿದ್ದಾರೆ. ಲ್ಯಾಪ್ ಡ್ಯಾನ್ಸಿಗೆ ಬಂದ ಗಿರಾಕಿ ಪಡೆಯಲು ಬಂದವನು. ಸಹಿಯ ಸಾಲಿನಲ್ಲಿ ನಿಂತವನು ಕೊಡಲು ಬಂದವನು: ಒಂದು ನೆನಪು, ಒಂದು ಕೃತಜ್ಞತೆ, ಎರಡು ಪುಟದ ಒಂದು ಕಾಗದ. ಕೊಡುವುದಕ್ಕೂ ಅವನು ದುಡ್ಡು ತೆರಬೇಕು ಎನ್ನುವುದೇ ಈ ಏರ್ಪಾಡಿನ ವಿಚಿತ್ರ. ಫಿಶರ್‌ಳ ಹೋಲಿಕೆ ಆಕೆಯ ನಾಚಿಕೆಯನ್ನು ಸರಿಯಾಗಿ ಹಿಡಿಯುತ್ತದೆ. ಎದುರಿಗೆ ನಿಂತವನನ್ನು ಹಿಡಿಯುವುದಿಲ್ಲ. ಆಕೆ ಬರೆದುಕೊಂಡ ಮಾತುಗಳೇ ಆಕೆಯ ಹೋಲಿಕೆಯನ್ನು ಸುಳ್ಳು ಮಾಡುತ್ತವೆ. ಅದೇ ಈ ಪುಸ್ತಕದ ಹೆಚ್ಚುಗಾರಿಕೆ ಕೂಡ.

ಇದೇ ಪುಸ್ತಕದಲ್ಲಿ ಒಂದು ಪುಟ್ಟ ಹುಡುಗಿಯ ಪ್ರಸಂಗ ಬರುತ್ತದೆ. ಲೇಯಾಳನ್ನು ನೋಡಲೆಂದು ಅವಳನ್ನು ಕರೆತಂದಿದ್ದಾರೆ. ಮೇಜಿನ ಆಚೆ ಕೂತ, ಅರವತ್ತರ ಹತ್ತಿರದ ಹೆಂಗಸನ್ನು ನೋಡಿ ಮಗು ಮುಖ ತಿರುಗಿಸಿ, ತನಗೆ ಬೇಕಾದ ಲೇಯಾ ಈ ಮುದುಕಿಯಲ್ಲ, ಇನ್ನೊಬ್ಬಳು ಎಂದು ಅಳುತ್ತದೆ. ಆ ಇನ್ನೊಬ್ಬಳು ಯಾರ ಆಸ್ತಿ? ‘ವಿಶ್‌ಫುಲ್ ಡ್ರಿಂಕಿಂಗ್’ ಎಂಬ ಹಿಂದಿನ ಪುಸ್ತಕದಲ್ಲಿ ಆಕೆ ಒಂದು ತಮಾಷೆ ಮಾಡಿದ್ದಳು: ತನ್ನ ರೂಪದ ಹಕ್ಕು ನಿರ್ದೇಶಕ ಜಾರ್ಜ್ ಲ್ಯೂಕಸ್ ಕೈಯಲ್ಲಿದೆ, ಹಾಗಾಗಿ ತಾನು ಕನ್ನಡಿ ನೋಡಿಕೊಂಡಾಗಲೆಲ್ಲ ಅವನಿಗೆ ಕಾಸು ಕೊಡಬೇಕು ಎಂದು. ಗೊಂಬೆ, ಶಾಂಪೂ ಬಾಟಲಿಗಳ ಮೇಲೆಲ್ಲ ಹತ್ತೊಂಬತ್ತರ ಆ ಮುಖ ಮಾರಾಟವಾಯಿತು. ವಯಸ್ಸಾದ ಕೈಗೆ ಉಳಿದದ್ದು ಸಹಿ ಒಂದೇ.

ಇದು ಒಬ್ಬ ನಟಿಯ ಕಥೆ ಮಾತ್ರ ಅಲ್ಲ. ಈ ಮೇಜು ಎಲ್ಲಿಂದ ಬಂತು ಎಂದು ನೋಡಿದರೆ ‘ಸುಲಿಗೆ’ ಎಂದು ಅಷ್ಟು ಸುಲಭವಾಗಿ ಹೇಳಲು ಆಗುವುದಿಲ್ಲ. ‘ಸ್ಟಾರ್ ಟ್ರೆಕ್’ ಧಾರಾವಾಹಿ 1966ರಿಂದ 1969ರವರೆಗೆ ಮೂರು ಸೀಸನ್ ನಡೆದು ನಿಂತುಹೋಯಿತು. ಅದು ನಿಜವಾಗಿ ಜನಪ್ರಿಯವಾದದ್ದು ಆಮೇಲೆ, ಎಪ್ಪತ್ತರ ದಶಕದ ಮರುಪ್ರಸಾರಗಳಲ್ಲಿ. 1972ರ ಜನವರಿಯಲ್ಲಿ ಅಭಿಮಾನಿಗಳೇ ಸೇರಿ ನ್ಯೂಯಾರ್ಕಿನಲ್ಲಿ ನಡೆಸಿದ ಸಮ್ಮೇಳನಕ್ಕೆ ಕೆಲವು ನೂರು ಜನ ಬರಬಹುದೆಂದು ಅಂದುಕೊಂಡಿದ್ದರೆ ಸಾವಿರಾರು ಜನ ಬಂದರು. ಆದರೆ ಆ ಕಾಲದ ನಟರ ಕರಾರುಗಳಲ್ಲಿ ಮೊದಲ ಕೆಲವು ಮರುಪ್ರಸಾರಗಳಿಗೆ ಮಾತ್ರ ಸಂಭಾವನೆ. ಎಷ್ಟೇ ಸಲ ತೋರಿಸಿದರೂ ಪಾಲು ಸಿಗಬೇಕೆಂಬ ನಿಯಮವನ್ನು ನಟರ ಸಂಘ ಗಳಿಸಿದ್ದು 1974ರಲ್ಲಿ. ‘ಸ್ಟಾರ್ ಟ್ರೆಕ್’ ನಟರಿಗೆ ಅದು ದಕ್ಕಲಿಲ್ಲ. ಊರೂರಿನ ಟಿ.ವಿ.ಗಳಲ್ಲಿ ದಿನವೂ ಅವರ ಮುಖ; ಅವರ ಮನೆಗೆ ಒಂದು ಕಾಸೂ ಇಲ್ಲ. ಸ್ಕಾಟಿಯ ಪಾತ್ರ ಮಾಡಿದ್ದ ಜೇಮ್ಸ್ ಡೂಹನ್‌ಗೆ ಆ ಪಾತ್ರ ಎಷ್ಟು ಅಂಟಿಕೊಂಡಿತೆಂದರೆ ಬೇರೆ ಕೆಲಸ ಸಿಗುವುದೇ ಕಷ್ಟವಾಯಿತು. ಸಮ್ಮೇಳನಗಳೇ ಅವನ ಜೀವನೋಪಾಯವಾದವು. ಸ್ಟುಡಿಯೋ ಕೊಡದ ಕೂಲಿಯನ್ನು ಅಭಿಮಾನಿ ಕೊಟ್ಟ ಎನ್ನಬಹುದು.

ಡೂಹನ್ ತಾನು ಅದಕ್ಕೆ ಏನು ಕೊಟ್ಟೆ ಎಂಬುದನ್ನು ‘ಟ್ರೆಕೀಸ್’ ಎಂಬ 1997ರ ಸಾಕ್ಷ್ಯಚಿತ್ರದಲ್ಲಿ ಹೇಳುತ್ತಾನೆ. ಸಾಯುವ ಯೋಚನೆಯಲ್ಲಿದ್ದ ಅಭಿಮಾನಿಯೊಬ್ಬಳಿಂದ ಅವನಿಗೆ ಕಾಗದ ಬರುತ್ತದೆ. ಅವನು ಫೋನ್ ಮಾಡಿ, ಇಂಥ ಊರಿನ ಸಮ್ಮೇಳನಕ್ಕೆ ಬರುತ್ತಿದ್ದೇನೆ, ಅಲ್ಲಿ ನೀನು ಬರಬೇಕು ಎನ್ನುತ್ತಾನೆ. ಬಂದಾಗ ಮುಂದಿನ ಊರಿಗೂ ಬಾ ಎನ್ನುತ್ತಾನೆ. ಹೀಗೆ ಹಲವು ಸಲ. ವರ್ಷಗಳ ಮೇಲೆ, ಎಲೆಕ್ಟ್ರಾನಿಕ್ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದೆ ಎಂದು ಅವಳು ಬರೆಯುತ್ತಾಳೆ. ಇದನ್ನು ಹೇಳುವಾಗ ಮುದುಕನ ದನಿ ನಡುಗುತ್ತದೆ. ಅದನ್ನು ನೋಡುವಾಗ ನಾನು ಯೋಚಿಸಿದ್ದು ಒಂದೇ: ಅವಳ ಕಾಗದ ಅವನ ಕೈ ಸೇರಿತ್ತು.

ಈಗಿನ ವ್ಯವಹಾರ ಬೇರೆ. ಚಿಕ್ಕ ಪಾತ್ರದವರು ಸಹಿಗೆ 30–40 ಡಾಲರ್ ಕೇಳಿದರೆ ದೊಡ್ಡವರದು ನೂರನ್ನು ದಾಟುತ್ತದೆ, ಕೆಲವರದು ಹಲವು ನೂರು. ದೊಡ್ಡ ತಾರೆಗೆ ಇಷ್ಟು ಹಣ ಖಂಡಿತ ಎಂದು ಆಯೋಜಕ ಮೊದಲೇ ಮಾತು ಕೊಟ್ಟಿರುತ್ತಾನೆ. ಸಹಿ, ಫೋಟೋಗಳ ಗಳಿಕೆ ಆ ಮೊತ್ತ ಮುಟ್ಟದಿದ್ದರೆ ಕೊರತೆ ಅವನದು. ಹಾಗಾಗಿ ಸಾಲು ಓಡಬೇಕು. ನಿಂತಲ್ಲೇ ಲೆಕ್ಕ ಹಾಕಿದ್ದೆ: ತಲೆಗೆ 8 ಸೆಕೆಂಡಿನಂತೆ ಗಂಟೆಗೆ 450 ಜನ, 120 ಡಾಲರಿನಂತೆ 54,000. ಒಬ್ಬೊಬ್ಬರಿಗೆ ಒಂದು ನಿಮಿಷ ಕೊಟ್ಟರೆ ಅದೇ ಗಂಟೆಯಲ್ಲಿ 7,200. ಆ ಒಂದು ನಿಮಿಷವನ್ನು ಯಾರೂ ಯಾಕೆ ಕೊಡುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಸೂಕ್ಷ್ಮವಿದೆ. ಸಹಿಯ ಮೇಲೆ ‘ಪ್ರೀತಿಯ ಇಂಥವನಿಗೆ’ ಎಂದು ಹೆಸರು ಬರೆಸಿಕೊಂಡರೆ ಮಾರುಕಟ್ಟೆಯಲ್ಲಿ ಅದರ ಬೆಲೆ ಇಳಿಯುತ್ತದೆ. ಬರಿಯ ಸಹಿಯನ್ನು ಯಾರಿಗೆ ಬೇಕಾದರೂ ಮಾರಬಹುದು, ಹೆಸರಿದ್ದರೆ ಅದು ಒಬ್ಬನದು. ಅಭಿಮಾನಿಗೆ ಮಾತ್ರ ಆ ಹೆಸರೇ ಎಲ್ಲ. ವ್ಯಾಪಾರಿಯ ತಕ್ಕಡಿ ಎಲ್ಲಿ ಕೆಳಗಿಳಿಯುತ್ತದೋ ಅಲ್ಲಿ ಅಭಿಮಾನಿಯದು ಮೇಲೇರುತ್ತದೆ. ಮರುಮಾರಾಟ ತಡೆಯಲು ಕೆಲವು ನಟರು ಹೆಸರು ಬರೆಯದೆ ಸಹಿ ಹಾಕುವುದಿಲ್ಲ. ಅದು ಜಂಬವಲ್ಲ ಎಂದು ನನಗೆ ಅರ್ಥವಾದದ್ದು ತಡವಾಗಿ.

ಇದನ್ನೇ ನಗೆಯಲ್ಲಿ ಹೇಳಿದ ಚಿತ್ರ 1999ರ ‘ಗ್ಯಾಲಕ್ಸಿ ಕ್ವೆಸ್ಟ್’. ಯಾವಾಗಲೋ ನಿಂತುಹೋದ ಧಾರಾವಾಹಿಯ ನಟರು ಸಮ್ಮೇಳನದಲ್ಲಿ ಸಹಿ ಹಾಕುತ್ತಾ, ಅಂಗಡಿ ಉದ್ಘಾಟಿಸುತ್ತಾ ಬದುಕುತ್ತಿದ್ದಾರೆ. ಅಲನ್ ರಿಕ್ಮನ್ ಮಾಡಿದ ಪಾತ್ರಕ್ಕೆ ತನ್ನ ಪ್ರಸಿದ್ಧ ಡೈಲಾಗ್ ಎಂದರೆ ಮೈಯೆಲ್ಲ ಉರಿ. ಅಂಗಡಿಯ ಮುಂದೆ ಅದನ್ನು ಸತ್ತ ದನಿಯಲ್ಲಿ ಒದರಿ ಕೂಲಿ ಪಡೆಯುತ್ತಾನೆ. ಕೊನೆಗೆ, ತನ್ನನ್ನು ನಂಬಿದ್ದ ಒಬ್ಬ ಅನ್ಯಗ್ರಹದವನು ಸಾಯುವಾಗ, ಅವನ ಮುಖದ ಹತ್ತಿರ ಬಾಗಿ ಅದೇ ಡೈಲಾಗನ್ನು ಹೇಳುತ್ತಾನೆ. ಮಾತು ಬದಲಾಗಿಲ್ಲ. ಬದಲಾಗಿರುವುದು, ಈಗ ಅವನು ಒಬ್ಬನನ್ನು ನೋಡಿ ಹೇಳುತ್ತಿದ್ದಾನೆ. ಹಿಂದೆ ಮಾರಿದ್ದರಿಂದ ಮಾತು ಕೆಟ್ಟಿರಲಿಲ್ಲ. ಚಿತ್ರದ ಆರಂಭದಲ್ಲಿ ನಾಯಕ ಸಿಡುಕಿ ಅಟ್ಟಿದ ಅಭಿಮಾನಿ ಹುಡುಗನ ಸಹಾಯದಿಂದಲೇ ಕೊನೆಗೆ ಎಲ್ಲರೂ ಬದುಕುತ್ತಾರೆ. ಹುಡುಗನಿಗೆ ಹೇಳಲು ಏನೋ ಇತ್ತು. ಕೇಳಲು ನಾಯಕನಿಗೆ ಆಗ ಪುರಸೊತ್ತಿರಲಿಲ್ಲ.

ಹಾಗಾಗಿ ಸಹಿಗೆ ಬೆಲೆ ಕಟ್ಟುವುದೇ ತಪ್ಪು ಎಂದು ನಾನೀಗ ಹೇಳಲಾರೆ. ದುಡ್ಡಿಲ್ಲದವನು ಆ ಸಾಲಿನ ಹತ್ತಿರವೂ ಬರಲಾರ ಎನ್ನುವುದು ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ದುಡ್ಡು ಕೊಟ್ಟವನಿಗೂ ಒಂದು ವಾಕ್ಯ ಹೇಳಲು ಬಿಡದ ಏರ್ಪಾಡನ್ನು ಸುಲಿಗೆ ಎನ್ನುತ್ತೇನೆ. ಆ ದಿನ ನಾನು ತಪ್ಪಿದ್ದು ಅಲ್ಲೇ. 8 ಸೆಕೆಂಡಿಗೆ 120 ಡಾಲರ್ ಕೊಟ್ಟೆ. ಒಬ್ಬ ಮನುಷ್ಯ ತಲೆಯೆತ್ತಿ ‘ನಿನ್ನ ಹೆಸರೇನು?’ ಎಂದು ಕೇಳುವ ಸಾಲಿಗೆ 100 ಡಾಲರ್ ದುಬಾರಿ ಎಂದೆ.

ಮಗನಿಗೆ ಈಗ 19. ಈ ಲೇಖನ ಬರೆಯುವ ಮುಂಚೆ, ಆ ಕಾಗದದಲ್ಲಿ ಏನು ಬರೆದಿದ್ದೆ ಎಂದು ಕೇಳಿದೆ. ಹೊಸ ಶಾಲೆಗೆ ಸೇರಿದ ವರ್ಷ ಮಧ್ಯಾಹ್ನದ ಊಟಕ್ಕೆ ಜೊತೆಗೆ ಯಾರೂ ಇರಲಿಲ್ಲ, ಆಗ ಆ ನಟನ ಧಾರಾವಾಹಿಯನ್ನು ಫೋನಿನಲ್ಲಿ ನೋಡುತ್ತಾ ಊಟ ಮಾಡುತ್ತಿದ್ದೆ, ಅದಕ್ಕೆ ಥ್ಯಾಂಕ್ಸ್ ಹೇಳಿದ್ದೆ ಎಂದ. ಆ ವರ್ಷದ ಊಟದ ಸಂಗತಿ ನನಗೆ ಗೊತ್ತೇ ಇರಲಿಲ್ಲ.