ಸತ್ಯಕ್ಕನ ಪೊರಕೆ, ನಮ್ಮ ಹುಡುಗರ ಅರ್ಜಿ

ಶರಣೆ ಸತ್ಯಕ್ಕ ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನವಳು ಅಂತಾರೆ. ಶರಣರ ಅಂಗಳ ಗುಡಿಸುವುದು ಅವಳ ಕಾಯಕ. ಲಂಚ ಮುಟ್ಟುವುದಿಲ್ಲ, ದಾರಿಯಲ್ಲಿ ಬಿದ್ದ ಚಿನ್ನವನ್ನೂ ಎತ್ತಿಕೊಳ್ಳುವುದಿಲ್ಲ ಎಂದು ವಚನದಲ್ಲಿ ಆಣೆಯಿಟ್ಟವಳು. ನಮ್ಮ ಪಂಡಿತರು ಇದನ್ನು ಭಕ್ತಿ ಅಂತ ಓದಿ ಕೈತೊಳೆದುಕೊಂಡರು. ನಾವು ಹಾಗೆ ಓದಲಾರೆವು. ಇದು ಪೊರಕೆ ಹಿಡಿದ ಕೈಯ ಗತ್ತು. ದುಡಿದು ಉಣ್ಣುವವಳಿಗೆ ಮಾತ್ರ ಬರುವ ಗತ್ತು.

ದುಡಿಮೆಯೇ ಸಿಗದಿದ್ದರೆ? ಶಿಕಾರಿಪುರ, ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಡಿಗ್ರಿ ಮುಗಿಸಿ ನಿಂತ ಹುಡುಗರನ್ನು ಕೇಳಿ. ರೂಮಿನ ಬಾಡಿಗೆ, ಅರ್ಜಿ ಶುಲ್ಕ, ಬೇಳೆ, ಎಣ್ಣೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಸಾಲ ಮಾಡಿ ಓದಿದವನ ಓದು ನೀರುಪಾಲು. ಸತ್ಯಕ್ಕನ ಆಣೆ ಇಲ್ಲಿ ಯಾರ ಬಾಯಲ್ಲಿ ನಿಂತೀತು?

2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಯುವನಿಧಿ ಶುರುವಾಯ್ತು. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಬೇಡ ಅನ್ನುವ ಸೊಕ್ಕು ನಮಗಿಲ್ಲ. ಆದರೆ ದಿನಕ್ಕೆ ನೂರು ರೂಪಾಯಿ. ಕೆಲಸ ಸಿಕ್ಕರೂ ನಿಲ್ಲುತ್ತೆ, ಸಿಗದಿದ್ದರೂ ಎರಡು ವರ್ಷಕ್ಕೆ ನಿಲ್ಲುತ್ತೆ! ಬಂಗಾರಪ್ಪನವರನ್ನು ಸೊರಬ, ಯಡಿಯೂರಪ್ಪನವರನ್ನು ಶಿಕಾರಿಪುರ ಗೆಲ್ಲಿಸಿ ಕಳಿಸಿದವು, ಇಬ್ಬರೂ ಮುಖ್ಯಮಂತ್ರಿಗಳಾದರು. ಹುಡುಗರು ಮಾತ್ರ ಬೆಂಗಳೂರಿನ ಬಸ್ಸು ಹತ್ತುವುದು ತಪ್ಪಲಿಲ್ಲ.

ಇಷ್ಟಾದರೂ ವಚನಗೋಷ್ಠಿಗಳಲ್ಲಿ ತುಂಬು ಸಂಬಳದ ಮೇಷ್ಟ್ರುಗಳು ಕಾಯಕದ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಾರೆ. ಯಾವ ಕೆಲಸವೂ ಕೀಳಲ್ಲವಂತೆ. ಸರಿ ಸ್ವಾಮಿ, ಹಾಗಾದರೆ ಊರಿನ ಪೊರಕೆ ಇವತ್ತಿಗೂ ಯಾಕೆ ನಮ್ಮ ಕೇರಿಯ ಕೈಯಲ್ಲೇ ಇದೆ?