ಮೇಣ ಕರಗಿದ ಜಾಗದಲ್ಲಿ ತಾಮ್ರ

ತಾಮ್ರದ ಚರಿತ್ರೆ ಎಂದ ಕೂಡಲೇ ಪಠ್ಯಪುಸ್ತಕಗಳು ಕೊಡಲಿ, ಉಳಿ, ಈಟಿಮೊನೆಗಳ ಕಡೆಗೆ ಓಡುತ್ತವೆ. ನನಗೆ ಮಾತ್ರ ಮಣಿಯಿಂದಲೇ ಶುರುಮಾಡುವ ಆಸೆ. ಈಗಿನ ಟರ್ಕಿಯ ಚಾಯೊನು ಎಂಬಲ್ಲಿ 9,000 ವರ್ಷಗಳಿಗೂ ಹಿಂದೆ ಜನ ನೆಲದಲ್ಲಿ ಲೋಹವಾಗಿಯೇ ಸಿಕ್ಕ ತಾಮ್ರದ ತುಣುಕುಗಳನ್ನು ಬಡಿದು, ಸುರುಳಿ ಸುತ್ತಿ, ಮಣಿ ಮಾಡಿದರು. ಬಡಿದಷ್ಟೂ ತಾಮ್ರ ಬಿರುಸಾಗುತ್ತದೆ, ಕೊನೆಗೆ ಸೀಳುತ್ತದೆ. ಕೆಂಡದಲ್ಲಿ ಕಾಯಿಸಿದರೆ ಮತ್ತೆ ಮೆತ್ತಗಾಗಿ ಸುತ್ತಿಗೆಗೆ ಒಲಿಯುತ್ತದೆ. ಈ ಮುನಿಸು–ಒಲವಿನ ಗುಟ್ಟು ಅವರಿಗಾಗಲೇ ಗೊತ್ತಿತ್ತು!

ಬಲೂಚಿಸ್ತಾನದಲ್ಲಿ, ಬೋಲನ್ ಕಣಿವೆಯ ಬಾಯಲ್ಲಿ ಮೆಹರ್‌ಗಢ ಎಂಬ ಪುರಾತನ ನೆಲೆಯಿದೆ. ಅಲ್ಲಿನ ನವಶಿಲಾಯುಗದ ಒಂದು ಸಮಾಧಿಯಲ್ಲಿ ದೊರೆತ ತಾಮ್ರದ ಮಣಿಯ ತೂತಿನೊಳಗೆ ಹತ್ತಿಯ ದಾರದ ಎಳೆಗಳು ಉಳಿದಿದ್ದವು. ಮಣ್ಣಿನಲ್ಲಿ ಹತ್ತಿ ಬೇಗ ಕೊಳೆಯಬೇಕು. ಆದರೆ ಮಣಿಯಿಂದ ಒಸರಿದ ತಾಮ್ರದ ಲವಣ ಅದರೊಳಕ್ಕೆ ಇಳಿದು ಕಾಪಾಡಿಬಿಟ್ಟಿತು. ನಾವು ಉಜ್ಜಿ ಉಜ್ಜಿ ತೆಗೆಯುವ ಕಿಲುಬೇ ಅಲ್ಲಿ ಕಾವಲು ನಿಂತಿತ್ತು.

ಅದೇ ಮೆಹರ್‌ಗಢದ ಇನ್ನೊಂದು ಪುಟ್ಟ ವಸ್ತುವಿನ ಮೇಲೆ ನನಗೆ ವಿಶೇಷ ಮೋಹ. ಸುಮಾರು 6,000 ವರ್ಷ ಹಳೆಯ ತಾಮ್ರದ ತಾಯಿತ ಅದು; ಅಗಲ ಎರಡೇ ಸೆಂಟಿಮೀಟರ್. ಒಂದು ಬಳೆ, ಅದರೊಳಗೆ ಚಕ್ರದಂತೆ ಆರು ಕಡ್ಡಿಗಳು. ಕಡ್ಡಿಗಳು ಕೂಡುವ ನಡುವನ್ನು ಗಮನಿಸಿ: ಒಂದರ ಮೇಲೊಂದು ಇಟ್ಟು ಬೆರಳಿನಿಂದ ಮೆಲ್ಲನೆ ಅದುಮಿದಂತಿದೆ. ಗಟ್ಟಿ ತಾಮ್ರವನ್ನು ಹಾಗೆ ಅದುಮಲು ಯಾರಿಂದ ಸಾಧ್ಯ? ಅದುಮಿದ್ದು ಮೇಣವನ್ನು. ಮೇಣವನ್ನು ಎಳೆಎಳೆಯಾಗಿ ಹೊಸೆದು, ಜೋಡಿಸಿ, ಸುತ್ತ ಜೇಡಿಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿದರು. ಮೇಣ ಕರಗಿ ಹೊರಗೆ ಹರಿಯಿತು. ಮಣ್ಣಿನ ಹೊಟ್ಟೆಯೊಳಗೆ ಅದರ ಆಕಾರದ ಬಯಲಷ್ಟೇ ಉಳಿಯಿತು. ಆ ಬಯಲಿಗೆ, ಮೂಸೆಯಿಂದ, ಕರಗಿದ ತಾಮ್ರ ಇಳಿಯಿತು. ಮಣ್ಣಿನಚ್ಚು ಒಡೆದಾಗ ಹೊರಬಂದದ್ದು ಮೇಣದ ಮೃದುತ್ವವನ್ನು ಮೈಯಲ್ಲೇ ಹೊತ್ತ ಲೋಹ. ಮೇಣದಚ್ಚಿನ ಎರಕದಿಂದ ಆದದ್ದೆಂದು ನಾವು ಬಲ್ಲ ಅತಿ ಹಳೆಯ ವಸ್ತುಗಳಲ್ಲಿ ಇದೂ ಒಂದು. 2016ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಖರ ಬೆಳಕಿನಡಿ ಇದನ್ನು ಪರೀಕ್ಷಿಸಿದಾಗ, ತುಕ್ಕಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ವಿನ್ಯಾಸ ಗೋಚರಿಸಿತು. ಎರಕದ ತಾಮ್ರ ತಣಿಯುತ್ತ ಆಮ್ಲಜನಕದೊಡನೆ ಬೆಸೆದು ಹೆಣೆದ ಕಸೂತಿ ಅದು.

ಶುದ್ಧ ತಾಮ್ರದಲ್ಲಿ ಇಷ್ಟು ಸಣ್ಣ ಕೆಲಸವೆಂದರೆ ಮೆಚ್ಚಲೇಬೇಕು. ಕರಗಲು ಅದಕ್ಕೆ 1,085 ಡಿಗ್ರಿ ಶಾಖ ಬೇಕು. ಕರಗಿದ ಮೇಲೂ ಗಾಳಿಯನ್ನು ಹೀರಿಕೊಂಡು ಒಳಗೊಳಗೇ ಗುಳ್ಳೆಯೇಳುತ್ತದೆ. ಅದಕ್ಕೊಂದಿಷ್ಟು ತವರ ಬೆರೆತಾಗಲೇ ಕಂಚು. ತವರ ಬಿದ್ದರೆ ಕಡಿಮೆ ಶಾಖಕ್ಕೇ ಕರಗುತ್ತದೆ, ಅಚ್ಚಿನ ಸಂದುಗೊಂದುಗಳಿಗೆಲ್ಲ ಸಲೀಸಾಗಿ ಹರಿಯುತ್ತದೆ, ಆರಿದ ಮೇಲೆ ತಾಮ್ರಕ್ಕಿಂತ ಗಡುಸಾಗಿರುತ್ತದೆ. ಕಂಚು ಆಯುಧಗಳಿಗೂ ಒದಗಿತೆನ್ನಿ, ಆ ಮಾತು ಇಲ್ಲಿ ಬೇಡ.

ಮೊಹೆಂಜೊದಾರೋದಲ್ಲಿ 1926ರಲ್ಲಿ ದೊರೆತ ನರ್ತಕಿಯ ಪ್ರತಿಮೆಯೂ ಇದೇ ಮೇಣದಚ್ಚಿನ ಕೂಸು. ಎತ್ತರ ಹತ್ತೂವರೆ ಸೆಂಟಿಮೀಟರ್, ವಯಸ್ಸು ಸುಮಾರು 4,500 ವರ್ಷ. ಬಲಗೈ ಸೊಂಟದ ಮೇಲೆ. ಎಡಗೈ ತುಂಬ, ತೋಳಿನಿಂದ ಮಣಿಕಟ್ಟಿನವರೆಗೆ ಒತ್ತೊತ್ತಾಗಿ ಬಳೆಗಳು. ತುಸು ಹಿಂದಕ್ಕೆ ವಾಲಿದ ತಲೆ, ಅರೆಮುಚ್ಚಿದಂಥ ಕಣ್ಣು, ಯಾರನ್ನೂ ಲೆಕ್ಕಿಸದ ಆ ಠೀವಿ! ಅವಳು ನಿಜಕ್ಕೂ ನರ್ತಕಿಯೇ ಎಂಬುದಕ್ಕೆ ಪುರಾವೆಯಿಲ್ಲ. ಅಗೆದವರು ಅವಳ ಭಂಗಿ ನೋಡಿ ಇಟ್ಟ ಹೆಸರದು. ಪಾದಗಳು ಮುರಿದುಹೋಗಿವೆ, ಬಿಂಕ ಒಂದಿಷ್ಟೂ ಕುಂದಿಲ್ಲ.

ಈ ವಿದ್ಯೆ ನಮ್ಮ ಅರಸರೊಬ್ಬರ ಗ್ರಂಥವನ್ನೂ ಹೊಕ್ಕಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಮೇಣದ ಮೂರ್ತಿಗೆ ಮಣ್ಣು ಬಳಿಯುವ, ಮೇಣವನ್ನು ತೂಗಿ ಅದಕ್ಕೆ ತಕ್ಕಷ್ಟು ಲೋಹವನ್ನು ಗೊತ್ತುಮಾಡುವ ಕ್ರಮವನ್ನು ವಿವರಿಸಿದ್ದಾನೆ. ಸಿಂಹಾಸನದಲ್ಲಿ ಕುಳಿತವನಿಗೂ ಕುಲುಮೆಯ ಬಗ್ಗೆ ಅಷ್ಟು ಅಕ್ಕರೆ.

ದೆಹಲಿಗೆ ಹೋದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನರ್ತಕಿಯನ್ನು ಕಾಣದೆ ಬರಬೇಡಿ. ಮುಖ ನೋಡಿ ಮುಂದೆ ಸಾಗಬೇಡಿ. ಪಕ್ಕಕ್ಕೆ ಸರಿದು ಅವಳ ತುರುಬನ್ನೂ, ಬಳೆಗಳ ಸಾಲನ್ನೂ ನಿಧಾನವಾಗಿ ನೋಡಿ.